ಡೆಪ್ತ್ ಯಾರಿಗೆ?

ನಾಲೆಯಲ್ಲಿ ನೀರೆಷ್ಟಿದೆ ಎಂಬ ಒಂದೇ ಚಿಂತೆ ಶಾಂಭವಿಯ ತಲೆಯಿಂದ ಇಳಿಯುತ್ತಿರಲಿಲ್ಲ. ಅತ್ತೆ ನೀಲಾಂಬಿಕೆ ಬಟ್ಟೆ ಒಗೆಯಲು ಸಾಲಿಗ್ರಾಮದ ಹೊರಗಿನ ನಾಲೆಗೆ ಹೊರಟರೆ ಸಾಕು, ನಾಲ್ಕು ವರ್ಷದ ಮಗಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ಶೀತ, ಬಿಸಿಲು ಎಂದು ಏನಾದರೊಂದು ನೆಪ ಹೇಳಿ ಶಾಂಭವಿ ಅವಳನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು.

"ನನ್ನ ಮೂರು ಮಕ್ಳೂ ಆ ನಾಲೆ ಮೆಟ್ಲ ಮ್ಯಾಲೇ ಬೆಳ್ದೋ ಕಣವ್ವ," ಎಂದು ಅತ್ತೆ ಒಮ್ಮೆ ಹೇಳಿದ್ದರು. ಆಮೇಲೆ ಮೊಮ್ಮಗಳನ್ನು ಕರೆಯುವುದನ್ನೇ ಬಿಟ್ಟರು.

ನಾಲೆಯ ವಿಷಯವೆಲ್ಲ ಗೊತ್ತಿದ್ದವರು ನಾಲೆ ಕಾಯುವ ಸೌಡಿ ನಂಜುಂಡಸ್ವಾಮಿ. ತೂಬು ಎತ್ತಿ ಇಳಿಸುವುದರಲ್ಲೇ ಇಪ್ಪತ್ತಾರು ವರ್ಷ ಕಳೆದವರು. ಕೆಲಸಕ್ಕೆ ಸೇರಿದ ದಿನ ಇಂಜಿನಿಯರೊಬ್ಬರು ಗೇಜಿನ ಕಲ್ಲಿನ ಮೇಲೆ ನೀರಿನ ಮಟ್ಟ ತೋರಿಸಿ, ಇದಕ್ಕೆ ಡೆಪ್ತ್ ಅಂತಾರೆ, ದಿನಾ ಏಳು ಗಂಟೆಗೆ ಆಫೀಸಿಗೆ ತಿಳಿಸಬೇಕು ಎಂದಿದ್ದರಂತೆ. ಅವರು ಒಂದು ದಿನವೂ ತಪ್ಪಿಸಿಲ್ಲ. ಅವರ ಬಾಯಿಂದಲೇ ಆ ಪದ ಊರಿಗೆ ಹಬ್ಬಿತು. ಬಾವಿಗೆ ಆಳ ಎನ್ನುವವರೇ ನಾಲೆಗೆ ಮಾತ್ರ ಡೆಪ್ತ್ ಎನ್ನುತ್ತಾರೆ. ಶಾಂಭವಿಗೆ ಅದು ಪರಿಚಯವಾಗಿದ್ದು ಮೈಸೂರಿನ ಶಾಲೆಯಲ್ಲಿ; ಅವಳ ಪ್ರಬಂಧಗಳ ಕೆಳಗೆ 'ಡೆಪ್ತ್ ಸಾಲದು' ಎಂದು ಟೀಚರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು.

ಒಂದು ಬೆಳಿಗ್ಗೆ ಶಾಂಭವಿ ಮಗಳ ಕೈಹಿಡಿದು ಏರಿಯ ಮೇಲೆ ಹೋಗಿ, ಇವತ್ತು ಡೆಪ್ತ್ ಎಷ್ಟು ಅಡಿ ಎಂದು ಕೇಳಿದಳು.

"ಯಾರ್ಗೆ?" ಎಂದರು ನಂಜುಂಡಸ್ವಾಮಿ.

ಅವರು ಕೋಲೂರಿ ನಿಂತು ಹಳೆಯದೊಂದು ಸಂಗತಿ ಹೇಳಿದರು. ಹೊಸದರಲ್ಲಿ ಚೆಲುವಮ್ಮ ಎಂಬಾಕೆ ಇದನ್ನೇ ಕೇಳಿದಾಗ, ಕಲಿತ ಪದದ ಹುರುಪಿನಲ್ಲಿ ಡೆಪ್ತ್ ಮೂರಡಿ ಎಂದಿದ್ದರು. ಮೂರೇ ಅಡಿ ತಾನೇ ಎಂದು ಆಕೆ ಇಳಿದಳು. ಆಕೆಗೆ ಸೊಂಟದವರೆಗೆ ಬಂತು, ಅಷ್ಟೆ. ಹಿಂದೆಯೇ ಇಳಿದ ಆಕೆಯ ಮಗು ಕಾಣಲಿಲ್ಲ. ಇಪ್ಪತ್ತು ಮಾರು ಕೆಳಗೆ ಅದರ ಜಡೆ ನಂಜುಂಡಸ್ವಾಮಿಯ ಕೈಗೆ ಸಿಕ್ಕಿತು. ಮಗು ಬದುಕಿತು.

"ಅಡಿ ಆಪೀಸ್ಗೆ ಕಣವ್ವ. ಜನಕ್ಕೆ ಅವ್ರವ್ರ ಮೈಯೇ ಅಳ್ತೆ."

ಅಂದಿನಿಂದ ಅವರು ಊರವರಿಗೆ ಹೇಳುವುದು ಮಂಡಿ, ಸೊಂಟ, ಎದೆ ಎಂದೇ. ಅದೂ ಕೇಳಿದವರನ್ನು ಒಮ್ಮೆ ಕಾಲಿಂದ ತಲೆಯವರೆಗೆ ನೋಡಿದ ಮೇಲೆ. ಬರೀ "ಡೆಪ್ತ್ ಅದೆ" ಎಂದರೆ ಆ ದಿನ ಯಾರೂ ನೀರಿಗಿಳಿಯುವುದಿಲ್ಲ.

ಮಾತಾಡುತ್ತಲೇ ಅವರು ಶಾಂಭವಿಯ ಮಗಳನ್ನು ತಮ್ಮ ಬಿದಿರುಕೋಲಿನ ಪಕ್ಕ ನಿಲ್ಲಿಸಿ, ಅವಳ ಮಂಡಿಯ ಮಟ್ಟಕ್ಕೆ ಕುಡುಗೋಲಿನಿಂದ ಒಂದು ಗೀರು ಹಾಕಿದರು. ತಾವು ಆಫೀಸಿಗೆ ಹೇಳಿದ ಮೇಲೆ, ಏಳೂಕಾಲಿಗೆ ಫೋನ್ ಮಾಡಿ, ಕೋಲು ಇಳಿಸಿ ನೋಡಿ ಹೇಳುತ್ತೇನೆ ಎಂದು ನಂಬರು ಕೊಟ್ಟರು.

ಶಾಂಭವಿ ಮಾಡಲಿಲ್ಲ. ಪೇಟೆ ಸೊಸೆ ದಿನಾ ನಾಲೆಗೆ ಫೋನ್ ಮಾಡುತ್ತಾಳೆ ಎಂದು ಊರು ನಕ್ಕರೆ? ಹದಿನೈದು ದಿನ ಹಾಗೇ ಕಳೆಯಿತು.

ಹದಿನಾರನೆಯ ಬೆಳಿಗ್ಗೆ ಅತ್ತೆ ಬುಟ್ಟಿ ಎತ್ತಿಕೊಂಡರು. ಮಗಳು ಚಪ್ಪಲಿ ಹುಡುಕಲಿಲ್ಲ. ಕೂತಲ್ಲಿಂದಲೇ, ದೊಡ್ಡವರ ಹಾಗೆ, "ನಂಗೆ ಶೀತ ಅಜ್ಜಿ," ಎಂದಳು. ಶೀತವೇನೂ ಇರಲಿಲ್ಲ.

ಶಾಂಭವಿ ಅತ್ತೆಗೆ ಒಂದು ನಿಮಿಷ ಎಂದು ಕೈಸನ್ನೆ ಮಾಡಿ ಫೋನ್ ಎತ್ತಿಕೊಂಡಳು. ಆ ಕಡೆ ನೀರಿನ ಸದ್ದು. ಮಗಳಿಗೆ ಇವತ್ತು ಎಷ್ಟು ಎಂದು ಕೇಳಿದಳು.

"ಮ್ಯಾಲಿನ ತೂಬು ಇಳಿಸವ್ರೆ. ನೀರು ಗೀರಿಗಿಂತ ಕೆಳ್ಗೇ ಅದೆ, ಕಳ್ಸಿ. ನಾನೂ ಇಲ್ಲೇ ಇವ್ನಿ."

ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. ಮಗಳು ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. ಶಾಂಭವಿ ಫೋನ್ ಇಡಲಿಲ್ಲ. ಹರಿಯುವ ನೀರಿಗೆ ತಾನೇ ಹುಟ್ಟಿದಾಗಿನಿಂದ ಕಾಲಿಟ್ಟಿರಲಿಲ್ಲ.

"ಮತ್ತೆ, ನಂಗೆಷ್ಟು?" ಎಂದಳು.