ಫ್ಲೆಕ್ಸಿನ ಬಾಪೂಸಾಹೇಬರು

"ಪ್ಲಾಸ್ಟಿಕ್ ಬಿಡಿ, ಭೂಮಿ ಉಳಿಸಿ" ಎಂದು ಕೈಮುಗಿದು ನಿಂತ ಬಾಪೂಸಾಹೇಬರ ಆಳೆತ್ತರದ ಚಿತ್ರ ಮುಧೋಳದ ಬಸ್ ಸ್ಟ್ಯಾಂಡಿನೆದುರು ವರ್ಷವಿಡೀ ತೂಗುತ್ತಿತ್ತು. ಮಾಡಿಸಿದ್ದು ಫ್ಲೆಕ್ಸಿನಲ್ಲಿ. ಫ್ಲೆಕ್ಸೂ ಪ್ಲಾಸ್ಟಿಕ್ಕೇ ಎಂದು ಅವರಿಗೆ ಹೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ನಾನು ವೈದ್ಯನಾಗಿದ್ದ ಆಸ್ಪತ್ರೆಗೆ ಅವರೇ ಅಧ್ಯಕ್ಷರು. ಇಸ್ತ್ರಿ ಮಾಡಿದ ಧೋತರ, ಹೆಗಲಿಗೆ ಖಾದಿ ಚೀಲ, ಬಾಯಲ್ಲಿ ಸದಾ ಒಂದು ಭಾಷಣ. ಚಪ್ಪಲಿ ಸಮೇತ ಐಸಿಯುಗೆ ನುಗ್ಗಿ, ಕಸದ ಬುಟ್ಟಿಯನ್ನು ಕೋಲಿನಿಂದ ಕೆದಕಿ, ಎಸೆದ ಸಲೈನ್ ನಳಿಗೆಯೊಂದನ್ನು ಸತ್ತ ಹಾವಿನಂತೆ ಎತ್ತಿ ತೋರಿಸುತ್ತಿದ್ದರು.

"ಏನ್ರಿ ಡಾಕ್ಟರ, ಔಷಧ ಬದಲಾದ್ರ ನಳಿಗಿನೂ ಬದಲಾಗಬೇಕೇನು? ಒಬ್ಬ ಪೇಶಂಟಗ ಒಂದ ನಳಿಗಿ ಸಾಕು!"

"ಸಾಹೇಬ್ರ, ಸಂತ್ಯಾಗಿನ ಪ್ಲಾಸ್ಟಿಕ್ ಚೀಲಾ ಬಂದ್ ಮಾಡಸ್ರಿ, ನಾನೂ ಬರ್ತೀನಿ. ಈ ನಳಿಗ್ಯಾಗ ಹಳೇ ಔಷಧ ಉಳಿದಿರ್ತೈತಿ. ಹೊಸಾದು ಅದನ್ನ ಒಮ್ಮೆಲೆ ನೂಕಿದ್ರ ಜೀವಕ್ಕ ಬರ್ತೈತಿ."

"ನೀವು ಕಲ್ತವರು ಭೂಮಿ ವಿಚಾರನ ಮಾಡೂದಿಲ್ಲ ನೋಡ್ರಿ" ಎಂದು ನಕ್ಕರು. ನಾನು ರಜೆ ಹಾಕಿದ್ದೇ ತಡ, ನರ್ಸುಗಳನ್ನು ಬೆದರಿಸಿ ತಮ್ಮ ಹುಕುಂ ಜಾರಿಗೆ ತಂದರು.

ಅನಗವಾಡಿಯ ಕುರಿಗಾಹಿ ಸಿದ್ದಪ್ಪ ಆಗ ಅಲ್ಲಿ ಮಲಗಿದ್ದ. ಕುಸಿದ ರಕ್ತದೊತ್ತಡವನ್ನು ಏರಿಸುವ ಔಷಧ ಹನಿಹನಿಯಾಗಿ ಹೋಗುತ್ತಿತ್ತು. ಚೇತರಿಸಿಕೊಂಡನೆಂದು ನರ್ಸುಗಳು ಅದನ್ನು ನಿಲ್ಲಿಸಿ, ಅದೇ ನಳಿಗೆಯಲ್ಲಿ ಬೇರೊಂದು ಔಷಧವನ್ನು ಜೋರಾಗಿ ಬಿಟ್ಟರು. ಒಳಗೆ ಉಳಿದಿದ್ದ ಹಳೆಯದು ಒಮ್ಮೆಲೇ ಮೈಸೇರಿತು. ಒತ್ತಡ ನೆತ್ತಿಗೇರಿ ಮೆದುಳಲ್ಲಿ ರಕ್ತನಾಳ ಒಡೆಯಿತು. ಜೀವ ಉಳಿಯಿತು, ಮಾತು ಹೋಯಿತು.

"ಎಲ್ಲಾ ಬೀರಪ್ಪನ ಇಚ್ಛಾ, ಯವ್ವಾ" ಎಂದು ಸಿದ್ದಪ್ಪನ ಹೆಂಡತಿಗೆ ಹೇಳಿ, ಒಂದು ಬಟ್ಟೆ ಚೀಲ ಕೊಟ್ಟು ಕಳಿಸಿದರು ಈ ಮಹಾನುಭಾವರು. ಅಂದಿನಿಂದ ಅವರ ಮುಖ ಕಂಡರೆ ನನಗೆ ಹೇಸಿಕೆ.

ಕೆಲವು ವರ್ಷಗಳ ಮೇಲೆ ಹೃದಯ ಸೋತು ಅವರೇ ಆ ಐಸಿಯುಗೆ ಬಂದರು. ಔಷಧ ಬದಲಿಸಲು ಹೋದಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಡಾಕ್ಟರ, ನಳಿಗಿ ಹೊಸಾದ ಹಚ್ಚತೀರಿಲ್ಲೋ?"

"ಹೊಸಾದ ಐತ್ರಿ."

ನಿಶ್ಚಿಂತೆಯಿಂದ ಕಣ್ಣು ಮುಚ್ಚಿದರು. ಸಿದ್ದಪ್ಪನ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ. ಆ ವಾರವೇ ತೀರಿಕೊಂಡರು. ಪರಿಸರಪ್ರೇಮಿಗೆ ಶ್ರದ್ಧಾಂಜಲಿ ಎಂದು ಅದೇ ಕೈಮುಗಿದ ಚಿತ್ರದ ಫ್ಲೆಕ್ಸ್ ಊರ ತುಂಬ ಕಟ್ಟಿದರು.

ಮಳೆಗಾಲದಲ್ಲಿ ಸಿದ್ದಪ್ಪನನ್ನು ನೋಡಲು ಅನಗವಾಡಿಗೆ ಹೋಗಿದ್ದೆ. ಅವನ ಕುರಿಹಟ್ಟಿಗೆ ಅದೇ ಫ್ಲೆಕ್ಸಿನ ಚಾವಣಿ.

"ಒಂದ ಹನಿ ಸೋರೂದಿಲ್ಲರಿ, ಭಾಳ ಛಲೋ ಐತಿ" ಎಂದಳು ಹೆಂಡತಿ.

ಮರಿಯೊಂದು ಮಳೆಯಲ್ಲೇ ನಿಂತಿತ್ತು. ಕರೆಯಲೆಂದು ಸಿದ್ದಪ್ಪ ಬಾಯಿ ತೆರೆದ. ದನಿ ಹೊರಡಲಿಲ್ಲ. ಮೇಲಿನಿಂದ ಬಾಪೂಸಾಹೇಬರು ಕೈಮುಗಿದು ನಗುತ್ತಿದ್ದರು.