ತೆಳು ನೀರು

ನನ್ನ ಪಿಎಚ್‌ಡಿ ನಡೆದದ್ದು ಕಂಪ್ಯೂಟರಿನೊಳಗಿನ ನೀರಿನಲ್ಲಿ. ಅದರಲ್ಲಿ ಒಂದು ಪ್ರೋಟೀನ್ ಅಣುವನ್ನು ಮುಳುಗಿಸಿ, ಅದು ಹೇಗೆ ಉರುಳಾಡುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಅದೇ ಪ್ರೋಟೀನನ್ನು ನಿಜವಾಗಿ ತಯಾರಿಸಿ, ಎನ್‌ಎಂಆರ್ ಯಂತ್ರದ ಆಯಸ್ಕಾಂತದೊಳಗೆ ಇಟ್ಟು, ತಟ್ಟಿ ಎಬ್ಬಿಸಿದ ಪರಮಾಣು ಬೀಜಗಳು ಮೊದಲಿನ ಸ್ಥಿತಿಗೆ ಮರಳಲು ಎಷ್ಟು ಹೊತ್ತು ಬೇಕು ಎಂದು ಅಳೆಯುವುದು ನನ್ನ ಗೆಳೆಯನ ಕೆಲಸ. ಅವನು ಸಂಪಾಜೆಯ ಬ್ಯಾರಿ ಮುಸ್ಲಿಂ ಮನೆತನದವನು, ನಾನು ನರಿಮೊಗರಿನವನು. ದೂರದ ಊರಿನ ಒಂದೇ ಲ್ಯಾಬಿಗೆ ಸೇರಿದ್ದೆವು. ಅಣು ಉರುಳುವ ವೇಗದ ಮೇಲೆಯೇ ಆ ಹೊತ್ತು ನಿಂತಿರುವುದರಿಂದ ಅವನ ಅಳತೆಯೂ ನನ್ನ ಲೆಕ್ಕವೂ ತಾಳೆಯಾಗಬೇಕು.

ಆಗಲಿಲ್ಲ. ಗ್ರಾಫಿನಲ್ಲಿ ನನ್ನದು ನುಣುಪಾದ ಗೆರೆ, ಅವನದು ಚದುರಿದ ಚುಕ್ಕೆಗಳು. ಗೈಡ್ ಗೆರೆಯನ್ನು ನಂಬಿದರು. ನಾನಂತೂ ಎಲ್ಲರೆದುರು "ನಿನ್ನ ಕೈ ಸರಿ ಉಂಟಾ ಮಾರಾಯ?" ಎಂದು ಕೇಳಿ ನಗಿಸಿದೆ. ಅವನು ಹೊಸದಾಗಿ ಪ್ರೋಟೀನ್ ತಯಾರಿಸಿ ಮತ್ತೆ ಅಳೆದ. ಹಾಗೆ ಮೂರು ಸಲ. ಮೂರು ಸಲವೂ ಹೆಚ್ಚುಕಮ್ಮಿ ಅವೇ ಸಂಖ್ಯೆಗಳು. ಕೆಟ್ಟ ಕೈಗೆ ಹಾಗೆ ಬರುವುದಿಲ್ಲ ಎಂದು ನನ್ನ ಮಂಡೆಗೆ ಹೊಳೆಯಬೇಕಿತ್ತು. ಎಲ್ಲಿಂದ ಹೊಳೆಯಬೇಕು, ಜಂಬ ತುಂಬಿದ ಮಂಡೆ. ಫೆಲೋಶಿಪ್ ಅವಧಿ ಮುಗಿದು ಅವನು ಡಿಗ್ರಿ ಇಲ್ಲದೆ ಊರಿಗೆ ಮರಳಿದ. ನಾನು ಡಾಕ್ಟರಾದೆ.

ಈಗ ಪುತ್ತೂರಿನ ಒಂದು ಕಾಲೇಜಿನಲ್ಲಿ ಮೇಷ್ಟ್ರಾಗಿದ್ದೇನೆ. ಕಳೆದ ತಿಂಗಳು ವಿದ್ಯಾರ್ಥಿನಿಯೊಬ್ಬಳಿಗೆ ಕಲಿಸಲೆಂದು ಆಗ ನನ್ನ ಲೆಕ್ಕ ಓಡಿಸಿದ್ದ ಹಳೆಯ ಫೈಲ್ ತೆರೆದೆ. ಸೀನಿಯರುಗಳು ದಾಟಿಸಿದ ಫೈಲನ್ನು ಹೆಸರು ಬದಲಿಸಿ ಹಾಗೆಯೇ ಓಡಿಸುವುದು ನಮ್ಮ ಲ್ಯಾಬಿನ ರೂಢಿ. ನಾನೂ ಒಳಗೇನಿದೆ ಎಂದು ಓದಿರಲಿಲ್ಲ. ಅದರಲ್ಲಿದ್ದ ನೀರಿನ ಮಾದರಿ ನಿಜವಾದ ನೀರಿಗಿಂತ ತೆಳು. ಅದರಲ್ಲಿ ಅಣು ಎರಡು ಮೂರು ಪಟ್ಟು ವೇಗವಾಗಿ ಉರುಳುತ್ತದೆ, ಕೊನೆಗೆ ಆ ವೇಗವನ್ನು ತಗ್ಗಿಸಿ ಲೆಕ್ಕ ಹಾಕಬೇಕು. ನಾನು ತಗ್ಗಿಸಿರಲಿಲ್ಲ. ಈಗ ತಗ್ಗಿಸಿ ನೋಡಿದರೆ ನನ್ನ ಗೆರೆ ಅವನ ಚುಕ್ಕೆಗಳ ಮೇಲೆಯೇ ಹೋಗಿ ಕೂತಿತು. ಅಯ್ಯೋ ದೇವರೇ, ಎಂಥ ಪಾಪಿ ನಾನು.

ಮರುದಿನ ಸುಳ್ಯದ ಬಸ್ಸು ಹತ್ತಿದೆ. ಅವನು ಅಲ್ಲಿನ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಾನೆ. ಸ್ಟಾಫ್ ರೂಮಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬೈದರೆ ಬೈಯಲಿ ಎಂದು ಕಾದೆ. ಅವನು ಮೇಜಿನ ಮೇಲಿದ್ದ ಉತ್ತರ ಪತ್ರಿಕೆಗಳನ್ನೇ ನೋಡುತ್ತಿದ್ದ.

"ನಾನು ಪ್ರಾಕ್ಟಿಕಲ್ ಕ್ಲಾಸ್ ತಕ್ಕೊಳ್ಳುದಿಲ್ಲ ಮಾರಾಯ," ಎಂದ. "ಪಿಪೆಟ್ ಹಿಡಿದ್ರೆ ನಡುಗ್ತದೆ. ನನ್ನ ಕೈಯೇ ಸರಿ ಇಲ್ಲ ಅಂತ ಪ್ರಿನ್ಸಿಪಾಲರಿಗೂ ಹೇಳಿದ್ದೇನೆ."

ಆಮೇಲೆ ಅವನು ಒಂದು ಖಾಲಿ ಹಾಳೆಯನ್ನು ನನ್ನ ಕಡೆ ತಳ್ಳಿ, ಹೇಳಿದ್ದನ್ನೆಲ್ಲ ಬರೆದು ಕೊಡು, ಮನೆಯಲ್ಲಿ ತಾಯಿಗೆ, ಉಮ್ಮನಿಗೆ ತೋರಿಸಬೇಕು ಎಂದ. ಅವನ ಅಳತೆ ಸರಿ ಇತ್ತು, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದೆ. ಅಭ್ಯಾಸಬಲದಿಂದ ಹೆಸರಿನ ಮೊದಲಿಗೆ ಡಾಕ್ಟರ್ ಎಂದೂ ಬರೆದುಬಿಟ್ಟಿದ್ದೆ. ನಾಚಿಕೆಯಾಗಿ ಅದನ್ನು ಹೊಡೆದು ಹಾಕಲು ಹೊರಟಾಗ ಅವನು ಹಾಳೆಯನ್ನು ಎಳೆದುಕೊಂಡ.

"ಇರ್ಲಿ. ಅದು ಇದ್ರೆ ಉಮ್ಮ ನಂಬ್ತಾರೆ."