ಬೇವಿನ ಗಿಡ ಮುಟ್ಟುವ ಮೊದಲು

ಮೊಮ್ಮಗಳ ಈ ಸುದ್ದಿ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ನಾನು ಕಲಿತದ್ದು ಎರಡನೇ ಇಯತ್ತೆ. ಅವಳು ಈಗ ಎಂಟನೇ ಇಯತ್ತೆ.

ಆ ಶನಿವಾರ ಮಧ್ಯಾಹ್ನ ಮಸೂತಿ ಊರಿನ ನಮ್ಮ ಹೊಲದಲ್ಲಿ ಇಬ್ಬರೂ ಕಿತ್ತ ಉಳ್ಳಾಗಡ್ಡಿ ಗುಂಪಿ ಹಾಕುತ್ತಿದ್ದೆವು. ಗಾಳಿ ಸತ್ತಿತ್ತು. ಪಡುವಣದ ಮೋಡ ರೊಟ್ಟಿ ಹಂಚಿನ ಬೆನ್ನಿನಂತೆ ಕಪ್ಪಾಗಿತ್ತು.

"ಮುತ್ಯಾ, ಸಾಲಿಗಿ ಸಿಂದಗಿಯಿಂದ ಒಬ್ರು ಮೇಡಂ ಬಂದಿದ್ರು. ಹುಡುಗರು ವಿಜ್ಞಾನ ಹ್ಯಾಂಗ ಓದ್ತಾರ ಅಂತ ಅಳೀತಾರಂತ."

"ಅಳ್ಯಾಕ ಸೇರು ತಂದಿದ್ರೇನು?"

"ಇಲ್ಲೋ ಮುತ್ಯಾ, ಪ್ರಶ್ನೆ ಕೊಟ್ರು. ಓದೂವಾಗ ತಿಳೀಲಾರದ್ದು ಬಂದ್ರ, ಇದು ನನಗ ತಿಳೀಲಿಲ್ಲ ಅಂತ ನಿನಗ ಗೊತ್ತಾಗ್ತೈತೇನು ಅಂತ. ಯಾವಾಗಲೂ ಗೊತ್ತಾಗ್ತೈತಿ ಅಂತ ಗುರ್ತು ಹಾಕಿ ಬಂದೇನಿ."

"ಮತ್ತ! ನಮ್ಮವ್ವ ಶಾಣ್ಯಾಕಿ!"

ಆ ಹುರುಪಿಗೆ ಸಿಡಿಲಿನ ಪಾಠವನ್ನೇ ಗಡಗಡ ಒಪ್ಪಿಸಿದಳು. ಎತ್ತರದ ವಸ್ತುಗಳಿಗೆ ಸಿಡಿಲು ಬಡಿಯುವ ಸಂಭವ ಹೆಚ್ಚು, ಒಂಟಿ ಮರದ ಕೆಳಗೆ ನಿಲ್ಲಬಾರದು. ಕೇಳಿ ನನ್ನ ಎದೆ ಉಬ್ಬಿತು.

ಅಷ್ಟರಲ್ಲಿ ಹಕ್ಕಿಗಳೆಲ್ಲ ಸುಮ್ಮನಾದವು. ಹೊಲಕ್ಕೆಲ್ಲ ಇದ್ದದ್ದು ಒಂದೇ ಬೇವಿನ ಗಿಡ, ನಮ್ಮ ಕಡೆ ಮರಕ್ಕೆ ಗಿಡವೆಂದೇ ಅನ್ನುವುದು. ಮಳೆ ಬಂದರೆ ಅದರ ಬುಡಕ್ಕೆ ಓಡುವುದು ನಮ್ಮಪ್ಪನ ಕಾಲದ ರೂಢಿ. ಮೊದಲ ಗುಡುಗಿಗೇ "ಗಿಡದ ಬುಡಕ ನಡಿ" ಎಂದೆ. ಅವಳೂ ಓಡಿದಳು, ಪಾಠ ಇನ್ನೂ ಬಾಯಲ್ಲೇ ಇತ್ತು. ಗಿಡ ಇನ್ನೇನು ಬಂತು ಅನ್ನುವಾಗ ನನ್ನ ಧೋತರ ಹಿಡಿದು ಜಗ್ಗಿದಳು.

"ಮುತ್ಯಾ, ನಿಂದ್ರು! ಒಂಟಿ ಮರ ಅಂದ್ರ ಇದೇ ಅಲಾ!"

"ಸಾಲಿ ಮಾತು ಆಮ್ಯಾಲ. ತೋಯ್ತೀವಿ, ನಡಿ."

"ತೋಯೂನು. ಸಾಯೂದು ಬ್ಯಾಡ."

ಅವಳ ಮುಖ ನೋಡಿ ನನ್ನ ಕಾಲು ತಾವೇ ತಿರುಗಿದವು. ದೂರದ ತಗ್ಗಿನಲ್ಲಿ ಕಾಲು ಜೋಡಿಸಿ, ಕಿವಿ ಮುಚ್ಚಿ, ತುದಿಗಾಲ ಮೇಲೆ ಕುಕ್ಕರಿಸಿದೆವು. ಮಿಂಚಿದಾಗೊಮ್ಮೆ ಆ ಗಿಡ ಬೆಳ್ಳಗೆ ಎದ್ದು ನಿಲ್ಲುತ್ತಿತ್ತು, ನಮ್ಮನ್ನು ಹುಡುಕುವ ಹಾಗೆ. ಮತ್ತೆ ಕತ್ತಲು. ಅವಳ ಹಲ್ಲು ಕಟಕಟ ಅನ್ನುವುದು ಮಳೆಯ ಸದ್ದಿನಲ್ಲೂ ಕೇಳುತ್ತಿತ್ತು.

ಸಿಡಿಲು ಎಲ್ಲೋ ಹಳ್ಳದ ಆಚೆ ಬಿತ್ತು. ಮನೆಯಲ್ಲಿ ಮಗ ನಕ್ಕ: "ಗಿಡಕ್ಕ ಒಂದು ಎಲಿ ಸುದ್ದಾ ಸುಟ್ಟಿಲ್ಲ. ಸುಮ್ನ ತೋಯ್ಸಿಕೊಂಡ್ ಬಂದ್ರಲ್ಲ, ಶಾಣ್ಯಾರು!" ನನಗೆ ಈಗಲೂ ಆ ಗಿಡದ ನೆರಳಿಗೆ ಹೋದರೆ ಬೆನ್ನು ತಣ್ಣಗಾಗುತ್ತದೆ.

ಸೋಮವಾರ ಆ ಮೇಡಂ ಮತ್ತೆ ಸಾಲಿಗೆ ಬಂದಾಗ ಅವಳು ಅವರ ಹತ್ತಿರ ಹೋಗಿ, "ನಾ ಹಾಕಿದ್ದು ಖರೇ ಅಲ್ರಿ, ಒಮ್ಮೊಮ್ಮೆ ಅಂತ ತಿದ್ರಿ" ಎಂದಳಂತೆ. ಯಾಕೆ ಎಂದು ಅವರು ಕೇಳಿದ್ದಕ್ಕೆ, "ಪಾಠ ನನಗ ತಿಳಿದಿದ್ದಿಲ್ಲ ಅಂತ ಗಿಡದ ಕಡೆ ಓಡಾಕತ್ತಾಗ ಗೊತ್ತಾತ್ರಿ" ಎಂದಳಂತೆ. ಇದನ್ನು ಕೇಳಿ ನಾನು ಓಣಿಗೆಲ್ಲ ಬೆಲ್ಲ, ಶೇಂಗಾ ಹಂಚಿದೆ. "ಬೀಳಲಾರದ ಸಿಡಿಲಿಗಿ ಬೆಲ್ಲ ಹಂಚೂ ಮುದುಕ!" ಎಂದು ಓಣಿಯ ಹೆಂಗಸರು ನಕ್ಕರು. ನಗಲಿ.

ಸಂಜೆ ಅವಳು ಪುಸ್ತಕ ತೆರೆದವಳು ಪುಟ ತಿರುವದೆ ಕೂತಿದ್ದಳು.

"ಮುತ್ಯಾ, ಉಳಿದ ಪಾಠನೂ ನನಗ ಬಾಯಿಪಾಠ ಅದಾವ. ಅದರಾಗ ತಿಳೀಲಾರದ್ದು ಇನ್ನೇನೇನ್ ಐತೋ."

ನಾನು ಹತ್ತಿರ ಸರಿದು ಕೂತೆ.

"ಮೊದಲಿಂದ ಓದ ಯವ್ವಾ. ಸಾವಕಾಶ."